ಜಡ್ಜ್ ಬಿದ್ದು ಬಿದ್ದು ನಕ್ಕರೆ ನಾವೂ ನಗಬೇಕಾ?

ನಮ್ಮ ಟೀವಿ ಕಾಮಿಡಿ ಷೋಗಳಲ್ಲಿ ಎಲ್ಲರಿಗಿಂತ ಕಷ್ಟದ ಕೆಲಸ ಯಾರದ್ದು ಗೊತ್ತಾ? ಸ್ಕಿಟ್ ಬರೆಯುವವರದ್ದಲ್ಲ, ಡೈಲಾಗ್ ಬಾಯಿಪಾಠ ಮಾಡುವ ಕಲಾವಿದರದ್ದೂ ಅಲ್ಲ. ಎದುರಿಗೆ ಕೂತ ಜಡ್ಜ್‌ಗಳದ್ದು! ಎರಡು ಡೈಲಾಗಿಗೊಮ್ಮೆ ನಗಬೇಕು. ಬರೀ ನಕ್ಕರೆ ಸಾಲದು. ಟೇಬಲ್ ಕುಟ್ಟಬೇಕು, ಪಕ್ಕದವರ ಭುಜಕ್ಕೆ ಹೊಡೆಯಬೇಕು, ಕಣ್ಣೀರು ಒರೆಸಿಕೊಳ್ಳಬೇಕು. ಇಂಟರ್ನಲ್ಸ್ ಹಿಂದಿನ ರಾತ್ರಿ ಪುಸ್ತಕ ತೆಗೆಯುವ ನಮಗೂ ಅಷ್ಟು ಟೆನ್ಷನ್ ಇರುವುದಿಲ್ಲ.

ಹಾಗಂತ ನಾನೇನು ಕಾಮಿಡಿ ಷೋಗಳ ವಿರೋಧಿಯಲ್ಲ ಮಾರಾಯ್ರೇ, ಪಕ್ಕಾ ಅಭಿಮಾನಿ. 2016ರಲ್ಲಿ ‘ಕಾಮಿಡಿ ಕಿಲಾಡಿಗಳು’ ಶುರುವಾದಾಗ ಸಿನಿಮಾ ಮನೆತನದ ಹಿನ್ನೆಲೆ ಇಲ್ಲದ ಎಷ್ಟೋ ಪ್ರತಿಭೆಗಳು ಬೆಳಕಿಗೆ ಬಂದವು. ಊರಿನ ಹೆಸರನ್ನೇ ಜೊತೆಗಿಟ್ಟುಕೊಂಡ ಶಿವರಾಜ್ ಕೆ.ಆರ್. ಪೇಟೆ ಮನೆಮಾತಾದರು. ಬೆಂಗಳೂರಿನಾಚೆಯ ಕನ್ನಡವೂ ಪ್ರೈಮ್ ಟೈಮಿನಲ್ಲಿ ಕೇಳಿಸಿತು. ಅದು ಸಣ್ಣ ಸಾಧನೆಯಲ್ಲ.

ನನ್ನ ತಕರಾರು ಜೋಕಿನ ಬಗ್ಗೆ. ನಮ್ಮ ವಿಟಿಯು ಸಿಲಬಸ್ಸಾದರೂ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ, ಇವರದ್ದು ಆಗುವುದಿಲ್ಲ. ಮಾಡ್ಯೂಲ್ ಒಂದು: ಗಂಡಸಿಗೆ ಸೀರೆ ಉಡಿಸುವುದು. ಎರಡು: ದಪ್ಪಗಿರುವವರು, ಕಪ್ಪಗಿರುವವರು, ಕುಳ್ಳಗಿರುವವರು. ಮೂರು: ಹೆಂಡತಿ ಕಾಟ. ನಾಲ್ಕು: ಕುಡುಕ. ಐದು: ಕೊನೆಯ ಎರಡು ನಿಮಿಷ ಅಮ್ಮನ ಸೆಂಟಿಮೆಂಟು, ಹಿನ್ನೆಲೆಯಲ್ಲಿ ಕೊಳಲು. ಅಷ್ಟೊತ್ತು ನಕ್ಕ ಜಡ್ಜ್ ಈಗ ಅಳಬೇಕು. ಪಾಪ!

‘ಗಂಡಸರು ಹೆಣ್ಣು ವೇಷ ಹಾಕುವುದು ನಮ್ಮ ಪರಂಪರೆ ಅಲ್ವಾ?’ ಎನ್ನಬಹುದು. ಹೌದು. ಆದರೆ ಯಕ್ಷಗಾನದ ಸ್ತ್ರೀವೇಷವನ್ನು ನೋಡಿ ಜನ ತಲೆದೂಗುತ್ತಾರೆ. ಅಲ್ಲಿ ವೇಷ ಒಂದು ಕಲೆ, ಇಲ್ಲಿ ವೇಷವೇ ಜೋಕು.

ಹಾಗಾದರೆ ಒಳ್ಳೆಯ ಕಾಮಿಡಿ ಎಂದರೆ ಏನು? ‘ಸಿಲ್ಲಿ ಲಲ್ಲಿ’ ನೋಡಿ. ನಾವು ಹುಟ್ಟಿದ ಕಾಲದ ಧಾರಾವಾಹಿ ಅದು, ಆದರೂ ಹಾಸ್ಟೆಲ್‌ನಲ್ಲಿ ರಾತ್ರಿ ಊಟದ ತಟ್ಟೆ ಎದುರು ಅದರ ಯೂಟ್ಯೂಬ್ ತುಣುಕುಗಳು ಓಡುತ್ತಲೇ ಇರುತ್ತವೆ. ಮಂಜುಭಾಷಿಣಿಯವರ ಲಲಿತಾಂಬಾಗೆ ಸಮಾಜ ಸೇವೆಯ ಹುಚ್ಚು. ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್‌ಗೆ ತಾನೇ ದೊಡ್ಡ ಡಾಕ್ಟರೆಂಬ ಭ್ರಮೆ. ನಾವು ನಗುವುದು ಅವರ ಒಣಜಂಭಕ್ಕೆ, ಮೈಬಣ್ಣಕ್ಕಲ್ಲ. ‘ಪಾಪ ಪಾಂಡು’ವಿನಲ್ಲಿ ಹೆಂಡತಿ ಗಂಡನಿಗೆ ಬಾರಿಸುತ್ತಿರಲಿಲ್ಲವೇ? ಬಾರಿಸುತ್ತಿದ್ದಳು, ಒಪ್ಪಿದೆ. ಆದರೂ ಆ ಶ್ರೀಮತಿ ಬರೀ ಏಟು ಹಾಕುವ ಯಂತ್ರವಾಗಿರಲಿಲ್ಲ, ಪಕ್ಕದ ಮನೆಯವಳಂತಿದ್ದಳು. ಅದಕ್ಕೇ 2018ರಲ್ಲಿ ಧಾರಾವಾಹಿ ಮತ್ತೆ ಬಂದಾಗ ಚಿದಾನಂದ್, ಶಾಲಿನಿ ಇಬ್ಬರೂ ಅದೇ ಪಾತ್ರಗಳಲ್ಲಿ ವಾಪಸ್ ಬಂದರು.

ನನ್ನ ಪ್ರಕಾರ ಫಸ್ಟ್ ರ‍್ಯಾಂಕ್ ಅಪರ್ಣಾ ಅವರಿಗೆ. ವರ್ಷಗಟ್ಟಲೆ ಅಚ್ಚುಕಟ್ಟಾದ ಕನ್ನಡದಲ್ಲಿ ನಿರೂಪಣೆ ಮಾಡಿದವರು, ನಮ್ಮ ಮೆಟ್ರೊದ ಕನ್ನಡ ದನಿ. ಅಂಥವರು ‘ಮಜಾ ಟಾಕೀಸ್’ನಲ್ಲಿ ಒನ್ ಅಂಡ್ ಓನ್ಲಿ ವರಲಕ್ಷ್ಮಿಯಾಗಿ ತಮ್ಮ ಗಾಂಭೀರ್ಯವನ್ನೇ ಗಾಳಿಗೆ ತೂರಿ ನಗಿಸಿದರು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ದೊಡ್ಡವರು ನಿರೂಪಕಿಯನ್ನು ನೆನೆದರು, ನಮ್ಮ ವಯಸ್ಸಿನವರು ವರಲಕ್ಷ್ಮಿಯನ್ನು. ಬೇರೆಯವರನ್ನು ಸಣ್ಣದು ಮಾಡದೆ ನಗಿಸುವವರು ಹೀಗೆ ಉಳಿದುಬಿಡುತ್ತಾರೆ.

‘ಟೀವಿ ಜೋಕಿಗೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳೋದ್ಯಾಕೆ ಮಗಾ’ ಎಂದು ರೂಮ್‌ಮೇಟ್ ಕೇಳಿದ. ಯಾಕೆಂದರೆ ಆ ಜೋಕು ಟೀವಿಯಲ್ಲೇ ಇರುವುದಿಲ್ಲ, ಸೋಮವಾರ ಕ್ಲಾಸಿಗೆ ಬರುತ್ತದೆ. ಕಾಲೇಜ್ ಡೇ ಸ್ಕಿಟ್‌ಗೆ ಕಥೆ ಹುಟ್ಟುವ ಮೊದಲೇ ಪಾತ್ರ ಹಂಚಿಕೆ ಮುಗಿದಿರುತ್ತದೆ. ದಪ್ಪಗಿರುವವನು ತಿಂಡಿಪೋತ, ಕಪ್ಪಗಿರುವವಳು ದೆವ್ವ. ನಮ್ಮ ಕ್ಲಾಸಿನ ಒಬ್ಬ ಹುಡುಗಿ ಎರಡು ವರ್ಷ ದೆವ್ವವಾದಳು, ನಗುತ್ತಲೇ ಇದ್ದಳು. ನಗದಿದ್ದರೆ ‘ತಮಾಷೆ ಅರ್ಥ ಆಗಲ್ಲ ಇವಳಿಗೆ’ ಅನ್ನುತ್ತಾರಲ್ಲ! ಮೂರನೇ ವರ್ಷ ‘ನನಗೆ ಅಸೈನ್‌ಮೆಂಟ್ ಇದೆ’ ಎಂದು ಪ್ರಾಕ್ಟೀಸಿಗೇ ಬರಲಿಲ್ಲ. ನಮ್ಮಲ್ಲಿ ಅವಳಷ್ಟು ಟೈಮಿಂಗ್ ಇದ್ದವರು ಯಾರೂ ಇಲ್ಲ. ಬಲವಂತವಾಗಿ ನಗುವ ಜಡ್ಜ್‌ಗಾದರೂ ಸಂಭಾವನೆ ಸಿಗುತ್ತದೆ. ಅವಳಿಗೆ ಏನು ಸಿಕ್ಕಿತು?

ಚಾನೆಲ್‌ನವರಿಗೂ ನಮ್ಮ ಸ್ಕಿಟ್ ತಂಡಗಳಿಗೂ ಒಂದು ಸುಲಭದ ಪರೀಕ್ಷೆ ಕೊಡುತ್ತೇನೆ. ಬರೆದ ಸ್ಕಿಟ್‌ನಿಂದ ಸೀರೆ, ಹೊಟ್ಟೆ, ಮೈಬಣ್ಣ ತೆಗೆದುಬಿಡಿ. ಉಳಿದದ್ದಕ್ಕೆ ನಗು ಬಂದರೆ ಪಾಸ್, ಬರದಿದ್ದರೆ ಬ್ಯಾಕ್‌ಲಾಗ್. ಸರಕಿಗೇನು ಬರವೇ? ಕೆಲಸವಿಲ್ಲದ ಹುಡುಗರನ್ನಿಟ್ಟುಕೊಂಡು ‘ದಂಡಪಿಂಡಗಳು’ ಮಾಡಿದ ನಾಡಿದು. ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಇದೆ, ಪಿಜಿಯ ನೀರು ಸಾರಿದೆ, ‘ಮುಂದೇನಪ್ಪಾ’ ಎಂದು ಮದುವೆ ಮನೆಯಲ್ಲಿ ಕೇಳುವ ಮಾವಂದಿರಿದ್ದಾರೆ. ಇದನ್ನು ಸರಿಯಾಗಿ ಬರೆದರೆ ಜಡ್ಜ್ ಟೇಬಲ್ ಕುಟ್ಟುವ ಅಗತ್ಯವೇ ಇಲ್ಲ, ಮನೆಯಲ್ಲಿ ನಾವೇ ಕುಟ್ಟುತ್ತೇವೆ.