ಗಾಯಾಳು ಗಡಿ ದಾಟಿದರೆ ದಾಖಲೆ ಎಲ್ಲಿ?

2024ರ ಅಕ್ಟೋಬರ್ 28ರ ನಡುರಾತ್ರಿ ನೀಲೇಶ್ವರದ ಅಞ್ಞೂಟ್ಟಂಬಲಂ ವೀರರ್‌ಕಾವಿನ ಕಳಿಯಾಟದ ವೇಳೆ ಪಟಾಕಿ ದಾಸ್ತಾನು ಸಿಡಿದು 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮರುದಿನದ ವರದಿಗಳಲ್ಲಿ ಸಾವಿನ ಸಂಖ್ಯೆ ಸೊನ್ನೆ; ಮುಂದಿನ ವಾರಗಳಲ್ಲಿ ಅದು ಆರಕ್ಕೇರಿತು. ಸುಟ್ಟಗಾಯದ ಸ್ವಭಾವವೇ ಅಂಥದ್ದು. ದುರಂತದ ಲೆಕ್ಕ ಒಂದು ಬೆಳಗಿನಲ್ಲಿ ಮುಗಿಯುವುದಿಲ್ಲ.

ಪಟಾಕಿ ದಾಸ್ತಾನಿಗೆ ಅನುಮತಿ ಇತ್ತೇ, ತಪ್ಪಿತಸ್ಥರು ಯಾರು ಎಂಬ ಚರ್ಚೆ ಆಗಲೇಬೇಕಿತ್ತು, ಆಯಿತು. ಆದರೆ ಗಾಯಾಳುಗಳು ಕಾಞಂಗಾಡು, ಪರಿಯಾರಂ, ಕಣ್ಣೂರು, ಕೋಝಿಕ್ಕೋಡು, ಮಂಗಳೂರುಗಳಿಗೆ ಹಂಚಿಹೋದರಲ್ಲ, ಆ ಹಂಚಿಕೆಯನ್ನು ನಿರ್ಧರಿಸಿದವರು ಯಾರು? ಮೊದಲ ಕರೆ ಎಷ್ಟು ಗಂಟೆಗೆ ಬಂತು? ಗಾಯದ ತೀವ್ರತೆಯ ವಿಂಗಡಣೆ ಸ್ಥಳದಲ್ಲೇ ನಡೆಯಿತೇ, ಆಸ್ಪತ್ರೆಯ ಬಾಗಿಲಲ್ಲೇ? ಎರಡು ಆಸ್ಪತ್ರೆ ಸುತ್ತಿ ಮೂರನೆಯದನ್ನು ತಲಪಿದವರೆಷ್ಟು? ಆರು ಜೀವಗಳ ಬಗ್ಗೆ ಇವು ಸಣ್ಣ ಪ್ರಶ್ನೆಗಳಲ್ಲ.

ಇಂಥ ಪ್ರಶ್ನೆಗಳಿಗೆ ಸಿದ್ಧ ನಮೂನೆ ಜಗತ್ತಿನಲ್ಲಿ ಇಲ್ಲದಿಲ್ಲ. ಸಾಮೂಹಿಕ ಅವಘಡಗಳಲ್ಲಿ ಆಸ್ಪತ್ರೆಗೆ ಮುಂಚಿನ ಚಿಕಿತ್ಸೆಯನ್ನು ಏಕರೂಪವಾಗಿ ದಾಖಲಿಸುವ ಮಾದರಿಯೊಂದನ್ನು ತಜ್ಞರು 2014ರಲ್ಲೇ ಪ್ರಕಟಿಸಿದ್ದಾರೆ. ನಮ್ಮ ಅನುಭವದಲ್ಲೇ ಇನ್ನೂ ಹತ್ತಿರದ ನಿದರ್ಶನವಿದೆ. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ 166 ಮಂದಿಯ ಪೈಕಿ 158 ಮಂದಿ ಅಸುನೀಗಿದರು; ಕಾಸರಗೋಡಿನ ಎಷ್ಟೋ ಮನೆಗಳು ಆ ಬೆಳಗನ್ನು ಮರೆತಿಲ್ಲ. ವಿಮಾನ ಅಪಘಾತದ ವರದಿಗೆ ಅಂತಾರಾಷ್ಟ್ರೀಯವಾಗಿ ಗೊತ್ತುಪಡಿಸಿದ ಶೀರ್ಷಿಕೆಗಳಿವೆ. ವೈದ್ಯಕೀಯ ಮಾಹಿತಿಗೊಂದು, ಬದುಕುಳಿಯುವ ಸಾಧ್ಯತೆಗೊಂದು. ಬರೆಯುವವರು ಅವುಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಕಾಶದಿಂದ ಬಿದ್ದವರಿಗೆ ಇರುವ ಈ ಶಿಸ್ತು, ಕಾವಿನ ಅಂಗಳದಲ್ಲಿ ಸುಟ್ಟವರಿಗೆ ಏಕಿರಬಾರದು?

ಗಡಿ ಜಿಲ್ಲೆಗೆ ಇದು ಇನ್ನಷ್ಟು ತುರ್ತಿನ ಮಾತು. 2021ರ ಜನವರಿ 3ರಂದು ಪಾಣತ್ತೂರು ಸಮೀಪ ಕರ್ನಾಟಕದಿಂದ ಬಂದ ಮದುವೆ ದಿಬ್ಬಣದ ಬಸ್ಸು ಮನೆಯೊಂದರ ಮೇಲೆ ಉರುಳಿ ಏಳು ಮಂದಿ ಮೃತಪಟ್ಟರು. ಪ್ರಯಾಣಿಕರು ಆ ರಾಜ್ಯದವರು, ಅಪಘಾತ ಈ ರಾಜ್ಯದಲ್ಲಿ. ಎರಡೂ ಕಡೆ 108 ಎಂಬ ಸಂಖ್ಯೆ ಒಂದೇ. ವ್ಯವಸ್ಥೆಗಳು ಬೇರೆ ಬೇರೆ. ತಲಪಾಡಿ ದಾಟಿದ ಗಾಯಾಳುವಿನ ಮುಂದಿನ ಕಥೆ ಇಲ್ಲಿನ ಕಡತಕ್ಕೆ ತಾನಾಗಿ ಮರಳಿ ಬರುವುದಿಲ್ಲ. 2013ರಲ್ಲಿ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದರೂ ಗಂಭೀರ ಗಾಯಾಳುವಿನ ದಾರಿ ಇಂದಿಗೂ ಮಂಗಳೂರಿನತ್ತಲೋ ಪರಿಯಾರದತ್ತಲೋ ಹೊರಳುತ್ತದೆ. 2020ರಲ್ಲಿ ಗಡಿ ಮುಚ್ಚಿದಾಗ ಆ ದಾರಿಯ ಬೆಲೆ ಏನೆಂದು ನಾವು ಕಂಡಿದ್ದೇವೆ.

ಭಾಷೆಯ ವಿಚಾರವನ್ನೂ ಹೇಳಲೇಬೇಕು. ಇದನ್ನು ಭಾವುಕತೆಯೆಂದು ತಳ್ಳಿಹಾಕುವವರಿದ್ದಾರೆ. ಒಂದೇ ಹೆಸರು ಮಲಯಾಳದ ಚೀಟಿಯಲ್ಲಿ ಒಂದು ರೂಪ, ಮಂಗಳೂರಿನ ಇಂಗ್ಲಿಷ್ ದಾಖಲೆಯಲ್ಲಿ ಇನ್ನೊಂದು ರೂಪ ತಾಳಿದರೆ ಒಬ್ಬನೇ ಗಾಯಾಳು ಇಬ್ಬರಾಗುತ್ತಾನೆ. ಹುಡುಕುತ್ತ ಬಂದ ಬಂಧುಗಳಿಗೆ ಒಬ್ಬನೂ ಸಿಗುವುದಿಲ್ಲ. ಆದುದರಿಂದ ನಮೂನೆಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇರಬೇಕು, ಪ್ರತಿ ಗಾಯಾಳುವಿಗೆ ಮೊದಲ ಸ್ಥಳದಲ್ಲೇ ಒಂದು ಕ್ರಮಸಂಖ್ಯೆ ಸಿಗಬೇಕು, ಗಡಿಯಾಚೆಗೂ ಅದೇ ಮುಂದುವರಿಯಬೇಕು.

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕಾಸರಗೋಡು, ದಕ್ಷಿಣ ಕನ್ನಡಗಳ ಜಿಲ್ಲಾಧಿಕಾರಿಗಳು ಒಂದು ಮೇಜಿನ ಸುತ್ತ ಕುಳಿತು ಈ ನಮೂನೆಗೆ ಸಹಿ ಹಾಕಲು ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಅವಘಡದ ಮರುದಿನ ಒಂದು, ಮೂವತ್ತನೆಯ ದಿನ ಇನ್ನೊಂದು ವರದಿ ಪ್ರಕಟವಾಗಲಿ. ನೀಲೇಶ್ವರದ ಸೊನ್ನೆ ಆರಾದ ಬಗೆ ಆ ಎರಡನೆಯ ವರದಿಯಲ್ಲಿ ಮಾತ್ರ ಕಾಣಸಿಗುತ್ತದೆ.