ಹಿತ್ತಲ ಕೋಳಿಗಳ ವೈರಾಣು ರೋಗಗಳು ಮತ್ತು ಲಸಿಕೆಗಾಗಿ ಮನವಿ: ಬಿಳಿಚೋಡು ಹೋಬಳಿಯನ್ನು ಕುರಿತು ಒಂದು ಅವಲೋಕನ

2025ನೇ ಸಾಲಿನ ಫೆಬ್ರವರಿ ತಿಂಗಳ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಮನೆಯಲ್ಲಿ ಸಾಕಿದ್ದ ಕೋಳಿಗಳು ಹಠಾತ್ತನೆ ಸತ್ತು, ಪರೀಕ್ಷೆಯಿಂದ ಹಕ್ಕಿಜ್ವರವೆಂದು ದೃಢಪಟ್ಟಿತು. ಅದೇ ಅವಧಿಯಲ್ಲಿ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಕುರೆಕುಪ್ಪದ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲಿಯೂ ಈ ರೋಗವು ಕಾಣಿಸಿಕೊಂಡಿತು. ಇದಕ್ಕೆ ಐದು ವರ್ಷಗಳ ಹಿಂದೆ, 2020ರ ಮಾರ್ಚ್ ತಿಂಗಳಿನಲ್ಲಿ, ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡು ಗ್ರಾಮವು ಇದೇ ಕಾರಣಕ್ಕಾಗಿ ಸುದ್ದಿಯಲ್ಲಿತ್ತು. ಆದ್ದರಿಂದ ಅದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯಲ್ಲಿ ಹತ್ತಾರು ಕೋಳಿಗಳನ್ನು ಸಾಕಿಕೊಂಡಿರುವ ಕುಟುಂಬಗಳು ಇದನ್ನು ದೂರದ ಊರಿನ ಸಮಾಚಾರವೆಂದು ಭಾವಿಸುವಂತಿಲ್ಲ.

ಆದರೆ ಹಳ್ಳಿಯ ಕೋಳಿಗಳನ್ನು ವರ್ಷಂಪ್ರತಿ ಬಲಿ ತೆಗೆದುಕೊಳ್ಳುವ ವೈರಾಣು ರೋಗವು ಹಕ್ಕಿಜ್ವರವಲ್ಲ, ಕೊಕ್ಕರೆ ರೋಗ. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿ 1926ರಲ್ಲಿ ಗುರುತಿಸಲ್ಪಟ್ಟ ಈ ರೋಗವು ಅದಾದ ಸ್ವಲ್ಪ ಕಾಲದಲ್ಲಿಯೇ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ ವರದಿಯಾಯಿತು. ಭಾರತದಲ್ಲಿ ಆ ಊರಿನ ಹೆಸರೇ ರೋಗಕ್ಕೂ ಉಳಿಯಿತು. ಕನ್ನಡದ ಹೆಸರನ್ನು ಕೇಳಿ ಇದು ಕೊಕ್ಕರೆ ಹಕ್ಕಿಯಿಂದ ಬರುವ ರೋಗವೆಂದು ತಿಳಿಯುವವರುಂಟು. ಹಾಗೇನೂ ಇಲ್ಲ. ಹಳ್ಳಿಯಲ್ಲಿ ಇದು ಮುಖ್ಯವಾಗಿ ಕೋಳಿಯಿಂದ ಕೋಳಿಗೆ ಹಬ್ಬುತ್ತದೆ. ಲಸಿಕೆ ಪಡೆಯದ ಕೋಳಿಗಳಲ್ಲಿ ನೂರಕ್ಕೆ ತೊಂಬತ್ತು, ಕೆಲವೊಮ್ಮೆ ಎಲ್ಲವೂ ಸಾಯುವುದುಂಟು. ಹಸಿರು ಬಣ್ಣದ ಭೇದಿ, ಬಾಯ್ತೆರೆದು ಏದುಸಿರು ಬಿಡುವುದು, ಕುತ್ತಿಗೆ ತಿರುಚಿಕೊಳ್ಳುವುದು, ಕಾಲು ಮತ್ತು ರೆಕ್ಕೆಗಳ ಸ್ವಾಧೀನ ತಪ್ಪುವುದು ಇದರ ಲಕ್ಷಣಗಳು. ಕೋಳಿ ಸಿಡುಬು ಮತ್ತು ಗಂಬೋರೊ ರೋಗಗಳೂ ಇವೆಯಾದರೂ, ಒಂದು ವಾರದೊಳಗೆ ಇಡೀ ಓಣಿಯ ಗೂಡುಗಳನ್ನು ಬರಿದು ಮಾಡುವ ಶಕ್ತಿ ಕೊಕ್ಕರೆ ರೋಗಕ್ಕೇ ಹೆಚ್ಚು.

ಮಳೆಯನ್ನೇ ನಂಬಿದ, ಬರಕ್ಕೆ ಆಗಾಗ್ಗೆ ತುತ್ತಾಗುವ ಜಗಳೂರು ತಾಲ್ಲೂಕಿನಲ್ಲಿ ಜವಾರಿ ಕೋಳಿಯು ಕೇವಲ ಊಟದ ವಸ್ತುವಲ್ಲ. ಮಕ್ಕಳ ಪುಸ್ತಕಕ್ಕೆ, ಔಷಧಿಗೆ, ನೆಂಟರ ಉಪಚಾರಕ್ಕೆ ಮನೆಯ ಹೆಣ್ಣುಮಕ್ಕಳು ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಾದ ಹಣವೆಂದರೆ ಬಹುಮಟ್ಟಿಗೆ ಕೋಳಿ ಮತ್ತು ಮೊಟ್ಟೆಯದೇ. ಯಾವ ಪಾಸ್‌ಬುಕ್ಕಿನಲ್ಲಿಯೂ ನಮೂದಾಗದ ಈ ಉಳಿತಾಯವು ರೋಗ ಬಂದಾಗ ಯಾವ ಲೆಕ್ಕಕ್ಕೂ ಸಿಗದೆ ಹೋಗುತ್ತದೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲಲ್ಲಿ ಸಾಕುವ ಕೋಳಿ ಮುಂತಾದ ಪಕ್ಷಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗೆ ಹೋಲಿಸಿದಲ್ಲಿ ಶೇಕಡ 45ಕ್ಕೂ ಮೀರಿದ ಹೆಚ್ಚಳ. ಸಂಖ್ಯೆಯು ಹೆಚ್ಚಿದಂತೆ ರೋಗಕ್ಕೆ ಈಡಾಗುವ ಅವಕಾಶವೂ ಹೆಚ್ಚಿದೆ.

ಲಸಿಕೆಯನ್ನೇ ಕಾಣದ ಕೋಳಿಯ ರಕ್ತದಲ್ಲಿ ಒಂದು ರೋಗದ ಪ್ರತಿಕಾಯಗಳು ಕಂಡುಬಂದರೆ ಆ ವೈರಾಣುವು ಅದರ ದೇಹವನ್ನು ಈಗಾಗಲೇ ಹೊಕ್ಕಿತ್ತೆಂದೇ ಅರ್ಥ. ಇಥಿಯೋಪಿಯ ಮೊದಲಾದ ದೇಶಗಳ ಹಳ್ಳಿಗಳಲ್ಲಿ ಹೀಗೆ ರಕ್ತಪರೀಕ್ಷೆ ನಡೆಸಿದಾಗ, ಲಸಿಕೆ ಪಡೆಯದ ಕೋಳಿಗಳಲ್ಲಿಯೂ ಕೊಕ್ಕರೆ ರೋಗದ ಪ್ರತಿಕಾಯಗಳು ಪತ್ತೆಯಾಗಿವೆ. ಅಂದರೆ ರೋಗವು ಯಾವಾಗಲೋ ಹೊರಗಿನಿಂದ ಬಂದು ಹೋಗುವ ಅತಿಥಿಯಲ್ಲ. ಊರಿನೊಳಗೆ ಸದ್ದಿಲ್ಲದೆ ಸುತ್ತುತ್ತಿರುತ್ತದೆ.

ಅದು ಸುತ್ತುವ ದಾರಿಗಳನ್ನು ಹಳ್ಳಿಗರು ಬಲ್ಲರು, ಆದರೆ ಅವುಗಳನ್ನು ರೋಗದ ದಾರಿಗಳೆಂದು ಎಣಿಸುವುದಿಲ್ಲ. ಮೊದಲನೆಯದು ಸಂತೆ. ಸಂತೆಯಿಂದ ತಂದ ಹೇಂಟೆಯನ್ನು ಅಂದೇ ಸಂಜೆ ಹಳೆಯ ಕೋಳಿಗಳ ಗೂಡಿಗೆ ಸೇರಿಸುವುದು ರೂಢಿ. ಸೋಂಕು ತಗುಲಿದ ಕೋಳಿಯಲ್ಲಿ ಲಕ್ಷಣಗಳು ಕಾಣಲು ಸಾಮಾನ್ಯವಾಗಿ ಐದಾರು ದಿನಗಳು, ಕೆಲವೊಮ್ಮೆ ಎರಡು ವಾರಗಳೇ ಬೇಕಾಗುವುದರಿಂದ, ಕೊಳ್ಳುವಾಗ ಲವಲವಿಕೆಯಿಂದಿದ್ದ ಕೋಳಿಯೇ ರೋಗವನ್ನು ಮನೆಗೆ ತರಬಲ್ಲದು. ಇದಕ್ಕಿಂತ ಗಂಭೀರವಾದುದು ಆತುರದ ಮಾರಾಟ. ಓಣಿಯಲ್ಲಿ ಎರಡು ಕೋಳಿ ಸತ್ತವೆಂದೊಡನೆ ಉಳಿದವನ್ನಾದರೂ ಕಾಸು ಮಾಡಿಕೊಳ್ಳೋಣವೆಂದು ಸಂತೆಗೆ ಒಯ್ಯುವವರಿದ್ದಾರೆ. ಬಡ ಕುಟುಂಬದ ದೃಷ್ಟಿಯಿಂದ ಇದು ಅರ್ಥವಾಗದ ನಡವಳಿಕೆಯಲ್ಲ. ಆದರೆ ಒಂದು ಮನೆ ಉಳಿಸಿಕೊಂಡ ಹಣವು ಹತ್ತು ಮನೆಗಳ ನಷ್ಟವಾಗಿ ಪರಿಣಮಿಸುತ್ತದೆ. ಪಾಲಿಗೆ ಕೋಳಿ ಕೊಡುವುದು, ತವರಿನಿಂದ ಬುಟ್ಟಿಯಲ್ಲಿ ಮರಿಗಳನ್ನು ತರುವುದು, ಗ್ರಾಮದೇವತೆಯ ಜಾತ್ರೆಗೆ ಊರೂರಿನಿಂದ ಹುಂಜಗಳು ಬಂದು ಸೇರುವುದು ಇವೂ ಇದೇ ಬಗೆಯವು. ಸತ್ತ ಕೋಳಿಯನ್ನು ತಿಪ್ಪೆಗೋ ಹಳ್ಳಕ್ಕೋ ಎಸೆದರೆ ನಾಯಿಗಳು ಅದನ್ನು ಮತ್ತೊಂದು ಓಣಿಗೆ ಎಳೆದೊಯ್ಯುತ್ತವೆ. ಬೇಸಿಗೆಯಲ್ಲಿ ನೀರಿನ ಅಭಾವವಿರುವಾಗ ನಲ್ಲಿಯ ಬಳಿ ನಿಂತ ಬಚ್ಚಲ ನೀರೇ ಎಲ್ಲ ಮನೆಗಳ ಕೋಳಿಗಳಿಗೂ ಕುಡಿಯುವ ನೀರಾಗುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಮಾಲೀಕರು ಬೇರೆ ಬೇರೆಯಾದರೂ ರೋಗದ ಲೆಕ್ಕದಲ್ಲಿ ಒಂದು ಓಣಿಯ ಕೋಳಿಗಳೆಲ್ಲವೂ ಒಂದೇ ಹಿಂಡು. ಲಸಿಕೆ ಕೋರಿ ಒಂದೊಂದೇ ಮನೆಯವರು ಪಶು ಚಿಕಿತ್ಸಾಲಯಕ್ಕೆ ಬಂದು ಬರಿಗೈಯಲ್ಲಿ ಹಿಂದಿರುಗುವ ಸಂದರ್ಭಗಳಿಗೂ ಕಾರಣ ಇದರಲ್ಲಿಯೇ ಇದೆ. ಕೊಕ್ಕರೆ ರೋಗದ ಲಸಿಕೆಯು ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚಿನ ಕೋಳಿಗಳಿಗೆ ಸಾಕಾಗುವ ಸೀಸೆಗಳಲ್ಲಿ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣದಲ್ಲಿ ಕಲಸಿದ ನಂತರ ತಂಪಾಗಿಟ್ಟುಕೊಂಡು ಸುಮಾರು ಎರಡು ಗಂಟೆಗಳೊಳಗೆ ಬಳಸಿ ಮುಗಿಸತಕ್ಕದ್ದು. ಉಳಿದುದನ್ನು ಮರುದಿನಕ್ಕೆ ಇಡುವಂತಿಲ್ಲ. ಹತ್ತು ಕೋಳಿಗಳಿರುವ ಒಂದೇ ಮನೆಗೆ ನೂರರ ಸೀಸೆಯನ್ನು ತೆರೆದಲ್ಲಿ ತೊಂಬತ್ತು ಕೋಳಿಗಳ ಲಸಿಕೆ ಚೆಲ್ಲಬೇಕಾಗುತ್ತದೆ. ಅದೇ ಹತ್ತು ಮನೆಗಳು ಒಟ್ಟಾದರೆ ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಅಷ್ಟೇ ಅಲ್ಲ, ಸುತ್ತಲಿನ ಮನೆಗಳಲ್ಲಿ ಲಸಿಕೆಯಾಗದಿದ್ದರೆ ಒಂದು ಮನೆಯಲ್ಲಿ ಹೊಸದಾಗಿ ಮೊಟ್ಟೆಯೊಡೆದ ಮರಿಗಳಿಗೆ ಅಪಾಯವು ಹಾಗೆಯೇ ಉಳಿಯುತ್ತದೆ.

ಲಸಿಕೆಯ ಕ್ರಮವು ಸರಳವಾದುದು. ಮರಿಗೆ 5ರಿಂದ 7 ದಿನಗಳಾದಾಗ ಲಸೋಟ ಅಥವಾ ಎಫ್ ತಳಿಯ ಲಸಿಕೆಯನ್ನು ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕಲಾಗುತ್ತದೆ. 6ರಿಂದ 8 ವಾರಗಳಾದಾಗ ಆರ್‌2ಬಿ ಎಂಬ ಲಸಿಕೆಯನ್ನು ಚುಚ್ಚುಮದ್ದಾಗಿ ನೀಡಲಾಗುತ್ತದೆ. ಇದು ಪ್ರಬಲವಾದ ಲಸಿಕೆಯಾದುದರಿಂದ ಎಳೆಯ ಮರಿಗಳಿಗೂ, ಈಗಾಗಲೇ ಜೋಲು ಬಿದ್ದಿರುವ ಕೋಳಿಗಳಿಗೂ ಕೊಡತಕ್ಕದ್ದಲ್ಲ. ರೋಗವು ಊರನ್ನು ಪ್ರವೇಶಿಸಿದ ಮೇಲೆ ಲಸಿಕೆಗಾಗಿ ಬರುವುದರಿಂದ ಪ್ರಯೋಜನ ಅಲ್ಪ, ಏಕೆಂದರೆ ರೋಗನಿರೋಧಕ ಶಕ್ತಿ ಬೆಳೆಯಲು ಒಂದರಿಂದ ಎರಡು ವಾರಗಳು ಬೇಕು. ಅಂಗಡಿಯಿಂದ ತಂದ ಮಾತ್ರೆಗಳು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ಕೋಳಿ ರೋಗಗಳ ಲಸಿಕೆಗಳನ್ನು ತಯಾರಿಸುತ್ತದೆ. ಅಲ್ಲಿಂದ ಹಳ್ಳಿಯವರೆಗೂ ಲಸಿಕೆಯು ತಂಪಿನಲ್ಲಿಯೇ ಸಾಗಬೇಕಾದುದರಿಂದ ಮುಂಚಿತವಾಗಿ ಬೇಡಿಕೆ ತಿಳಿಸುವುದು ಅವಶ್ಯ.

ಹಕ್ಕಿಜ್ವರದ ವಿಷಯವು ಬೇರೆ. ಹಠಾತ್ ಸಾವು, ಜುಟ್ಟು ನೀಲಿಗಟ್ಟುವುದು, ಮುಖ ಊದಿಕೊಳ್ಳುವುದು ಇದರ ಲಕ್ಷಣಗಳಾದರೂ, ಕಣ್ಣಿನಿಂದ ನೋಡಿ ಕೊಕ್ಕರೆ ರೋಗದಿಂದ ಇದನ್ನು ಬೇರ್ಪಡಿಸಿ ಹೇಳುವುದು ತಜ್ಞರಿಗೂ ಕಷ್ಟ. ಭೋಪಾಲದಲ್ಲಿರುವ ರಾಷ್ಟ್ರೀಯ ಉನ್ನತ ಸುರಕ್ಷತಾ ಪಶುರೋಗ ಸಂಸ್ಥೆಯ ಪರೀಕ್ಷೆಯೇ ಅಂತಿಮ. ದೃಢಪಟ್ಟಲ್ಲಿ ಒಂದು ಕಿಲೋಮೀಟರ್ ವ್ಯಾಪ್ತಿಯನ್ನು ಸೋಂಕಿತ ವಲಯವೆಂದೂ, ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲು ವಲಯವೆಂದೂ ಘೋಷಿಸಿ, ಸೋಂಕಿತ ವಲಯದ ಕೋಳಿಗಳನ್ನು ನಾಶಪಡಿಸಲಾಗುತ್ತದೆ. 2008ರ ಜನವರಿಯಿಂದ ಪಶ್ಚಿಮ ಬಂಗಾಳದಲ್ಲಿ ಹಿತ್ತಲ ಕೋಳಿಗಳಲ್ಲಿ ರೋಗವು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, 40 ಲಕ್ಷಕ್ಕೂ ಹೆಚ್ಚು ಪಕ್ಷಿಗಳನ್ನು ಕೊಲ್ಲಬೇಕಾಯಿತು. ರೋಗವು ಮನುಷ್ಯರಿಗೆ ತಗುಲುವುದು ಅಪರೂಪ, ಆದರೆ ಅಸಾಧ್ಯವಲ್ಲ. 2025ರ ಮಾರ್ಚ್‌ನಲ್ಲಿ ಆಂಧ್ರ ಪ್ರದೇಶದಲ್ಲಿ ಒಂದು ಮಗು ಇದರಿಂದ ಮೃತಪಟ್ಟಿತು. ಚೆನ್ನಾಗಿ ಬೇಯಿಸಿದ ಮಾಂಸ ಮತ್ತು ಮೊಟ್ಟೆಯಿಂದ ಭಯವಿಲ್ಲ. ಸತ್ತ ಅಥವಾ ಸಾಯುತ್ತಿರುವ ಕೋಳಿಯನ್ನು ಕೊಯ್ದು ಶುಚಿ ಮಾಡುವಾಗ ಕೈಗಳಿಗೆ ತಗುಲುವುದರಿಂದಲೇ ಭಯ.

ಪರಿಹಾರಧನದ ಬಗ್ಗೆ ತಪ್ಪು ತಿಳಿವಳಿಕೆಯಿದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಅರ್ಧರ್ಧ ಭರಿಸುವ ಈ ಪರಿಹಾರವು ಹಕ್ಕಿಜ್ವರ ನಿಯಂತ್ರಣಕ್ಕಾಗಿ ಅಧಿಕಾರಿಗಳು ನಾಶಪಡಿಸಿದ ಪಕ್ಷಿಗಳಿಗೆ ಸಲ್ಲುತ್ತದೆಯೇ ಹೊರತು, ಅದಕ್ಕೆ ಮೊದಲೇ ಸತ್ತವುಗಳಿಗೆ ಸಲ್ಲುವುದಿಲ್ಲ. ಆದ್ದರಿಂದ ಸಾವನ್ನು ಮುಚ್ಚಿಟ್ಟಷ್ಟು ದಿನವೂ ಮಾಲೀಕರ ಹಕ್ಕೇ ಕರಗುತ್ತಾ ಹೋಗುತ್ತದೆ. ಇದಲ್ಲದೆ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾಯಿದೆಯಡಿ ಹಕ್ಕಿಜ್ವರ ಮತ್ತು ಕೊಕ್ಕರೆ ರೋಗ ಎರಡೂ ಅನುಸೂಚಿತ ರೋಗಗಳಾಗಿದ್ದು, ಅನುಮಾನ ಬಂದೊಡನೆ ತಿಳಿಸುವುದು ಮಾಲೀಕರ ಕರ್ತವ್ಯವಾಗಿದೆ. ಗ್ರಾಮ ಪಂಚಾಯಿತಿಗೆ, ಹತ್ತಿರದ ಪಶುವೈದ್ಯಾಧಿಕಾರಿಗೆ ಅಥವಾ 1962 ಸಂಖ್ಯೆಗೆ ತಿಳಿಸಬಹುದು. ಸತ್ತ ಕೋಳಿಯನ್ನು ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತರುವುದು ಕೂಡದು; ಮಾದರಿಯನ್ನು ಸಿಬ್ಬಂದಿಯೇ ಬಂದು ಪಡೆಯುವರು.

ಲಸಿಕೆಗಾಗಿ ಮನವಿ ಸಲ್ಲಿಸುವವರು ಓಣಿಯ ಅಥವಾ ಸ್ವಸಹಾಯ ಸಂಘದ ಸದಸ್ಯರೊಡನೆ ಸೇರಿ ಒಂದೇ ಮನವಿಯನ್ನು ಬೇಸಿಗೆ ಮತ್ತು ಜಾತ್ರೆಗಳ ಕಾಲಕ್ಕೆ ಸಾಕಷ್ಟು ಮೊದಲೇ ನೀಡುವುದು ಸೂಕ್ತ. ಮನವಿಯಲ್ಲಿ ಮನೆವಾರು ಕೋಳಿಗಳ ಸಂಖ್ಯೆ, ಅವುಗಳಲ್ಲಿ ಆರು ವಾರಕ್ಕಿಂತ ಚಿಕ್ಕವು ಎಷ್ಟು, ಹಿಂದೆ ಲಸಿಕೆ ಹಾಕಿಸಿದ ದಿನಾಂಕ ಮತ್ತು ಈಗ ಕಾಯಿಲೆಯ ಕೋಳಿಗಳಿವೆಯೇ ಎಂಬುದನ್ನು ನಮೂದಿಸತಕ್ಕದ್ದು. ಹೊತ್ತೇರಿದ ಮೇಲೆ ಕೋಳಿಗಳು ಹೊಲಗಳ ಕಡೆ ಚದುರಿದರೆ ಹಿಡಿಯುವುದರಲ್ಲಿಯೇ ಆ ಎರಡು ಗಂಟೆಗಳು ಕಳೆದುಹೋಗುತ್ತವೆ. ಲಸಿಕೆಯ ದಿನ ಸಿಬ್ಬಂದಿಯು ಬರುವವರೆಗೆ ಅವುಗಳನ್ನು ಗೂಡಿನಲ್ಲಿ ಅಥವಾ ಬುಟ್ಟಿಯಡಿಯಲ್ಲಿ ಮುಚ್ಚಿಟ್ಟಿರಬೇಕು. ಅನಂತರದ ಎರಡು ವಾರ ಸಂತೆಯಿಂದ ಹೊಸ ಕೋಳಿಯನ್ನು ತರದಿರುವುದು ಒಳ್ಳೆಯದು. ತರಲೇಬೇಕಾದಲ್ಲಿ ಅಷ್ಟು ದಿನ ಬೇರೆಯಾಗಿ ಕಟ್ಟಿಹಾಕತಕ್ಕದ್ದು.