ಹಾವು ಬಂದ್ರೆ ಸೆನ್ಸಾರ್‌ಗೆ ಗೊತ್ತಾಗಲ್ಲ ಸ್ವಾಮಿ, ಸ್ವಿಚ್ ಕಿತ್ತು ಹಾಕಬೇಡಿ

ಹೋದ ವಾರ ಅವರೆ ಬಗ್ಗೆ ಬರೀತೀನಿ ಅಂದಿದ್ದೆ. ಬರ್ತೀನಿ ಅದಕ್ಕೆ. ಮೊದಲು ಮನೆ ಹೊರಗಿನ ದೀಪದ ಜಗಳ ಒಂದು ಇದೆ, ಅದನ್ನ ಮುಗಿಸಿಬಿಡೋಣ. ಕೊನೆಗೆ ಎರಡೂ ಒಂದೇ ವಿಷಯ ಅಂತ ನಿಮಗೇ ಗೊತ್ತಾಗುತ್ತೆ.

ಹೊಸಬರು ಕೆಲವರು ಈ ಪೇಜಿಗೆ ಬಂದಿದ್ದೀರಿ, ಅದಕ್ಕೆ ಹೇಳ್ತೀನಿ. ನಮ್ಮೂರು ಮಾರತ್ತಹಳ್ಳಿ. ಊರೊಳಗಿನ ನಮ್ಮ ಹಳೇ ಮನೆ ಸುತ್ತ ಈಗ ಪಿ.ಜಿ., ಹೋಟ್ಲು, ಬಟ್ಟೆ ಅಂಗಡಿ. ಬೇಸಾಯಕ್ಕೆ ಉಳಿದಿರೋದು ಗುಂಜೂರು ಕಡೆ 28 ಗುಂಟೆ, ಅಲ್ಲೇ ತೋಟದ ಮನೆ, ಎರಡು ಹಸು. ಸೊಪ್ಪು, ರಾಗಿ ಜೊತೆ ಅವರೆ, ಬದುಕು ಅಷ್ಟೇ.

ಸಂಕ್ರಾಂತಿಗೆ ಒಂದು ವಾರ ಇರುವಾಗ ನಮ್ಮ ಗೌರಿ ಕರು ಹಾಕಿದಳು. ರಾತ್ರಿ ಎರಡೂವರೆ ಗಂಟೆ. ಕರುವಿನ ಒಂದು ಕಾಲು ಒಳಗೇ ಮಡಚಿಕೊಂಡಿತ್ತು. ಡಾಕ್ಟರು ಫೋನಲ್ಲಿ ಹೇಳ್ತಾ ಇದ್ದಾರೆ, ನಾನು ಅಲ್ಲಾಡದೆ ಕೂತು ಕೈ ಹಾಕಿ ಕಾಲು ಹುಡುಕ್ತಾ ಇದ್ದೀನಿ. ಟಪ್ ಅಂತ ದೀಪ ಆರಿತು. ಗವ್ ಅನ್ನೋ ಕತ್ತಲೆ. ಸ್ವಿಚ್ ಹಾಕೋಣ ಅಂದ್ರೆ ಸ್ವಿಚ್ಚೇ ಇಲ್ಲ! ಮೂರು ತಿಂಗಳ ಹಿಂದೆ ನಮ್ಮ ಹುಡುಗ ಸೆನ್ಸಾರ್ ತಂದು, "ಅಪ್ಪಾ, ಇನ್ಮೇಲೆ ಸ್ವಿಚ್ ಯಾಕೆ, ಅದೇ ಹತ್ಕೊಳ್ಳುತ್ತೆ ಅದೇ ಆರುತ್ತೆ" ಅಂತ ಸ್ವಿಚ್ ತೆಗೆಸಿ ಪ್ಲೇಟ್ ಮುಚ್ಚಿಸಿದ್ದ. ಕೊನೆಗೆ ನಮ್ಮನೆಯವಳು ಸೆನ್ಸಾರ್ ಮುಂದೆ ನಿಂತು ನಿಮಿಷಕ್ಕೊಂದು ಸಲ ಸೆರಗು ಬೀಸಿದಳು, ನಾನು ಕಾಲು ಬಿಡಿಸಿದೆ. ಕರು ಬದುಕ್ತು. ಆದ್ರೆ ಆ ರಾತ್ರಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಸಿಟ್ಟು ಸೆನ್ಸಾರ್ ಮೇಲಲ್ಲ. ಅದು ತನ್ನ ಕೆಲಸ ಸರಿಯಾಗೇ ಮಾಡ್ತು. ಅದರ ಕೆಲಸ ಏನು ಅಂತ ಕೇಳದೆ ಮನೆಗೆ ತಂದ್ವಲ್ಲ, ನಮ್ಮ ಮೇಲೇ ಸಿಟ್ಟು.

ಅದು ಕ್ಯಾಮೆರಾ ಅಲ್ಲ. ಮನುಷ್ಯ, ಹಸು, ನಾಯಿ, ಎಲ್ಲರ ಮೈಯಿಂದ ಕಣ್ಣಿಗೆ ಕಾಣದ ಕಾವು ಹೊರಗೆ ಬರ್ತಾ ಇರುತ್ತೆ. ಆ ಕಾವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ ಮಾತ್ರ ಸೆನ್ಸಾರ್‌ಗೆ ಗೊತ್ತಾಗುತ್ತೆ. ಅಡ್ಡಕ್ಕೆ ನಡೆದ್ರೆ ಬೇಗ ಹಿಡಿಯುತ್ತೆ, ನೇರ ಅದರ ಕಡೆಗೇ ನಡೆದು ಬಂದ್ರೆ ತಡ. ಅಲ್ಲಾಡದೆ ಕೂತವನು ಅದರ ಪಾಲಿಗೆ ಇಲ್ಲವೇ ಇಲ್ಲ. ಹಾಲು ಕರೆಯೋನು, ಕರು ಎಳೆಯೋನು, ಮೋಟಾರ್ ಸ್ಟಾರ್ಟರ್ ಬಿಚ್ಚಿ ಕೂತೋನು, ಇವರೆಲ್ಲ ಅಲ್ಲಾಡದೆ ಕೆಲಸ ಮಾಡೋರು. ನಮಗೆ ಅದು ಹೇಗೆ ಸಾಕಾಗುತ್ತೆ?

ಇದಕ್ಕಿಂತ ದೊಡ್ಡ ವಿಷಯ ಹಾವು. ಹಾವಿಗೆ ನಮ್ಮ ಥರ ತನ್ನದೇ ಮೈಬಿಸಿ ಇಲ್ಲ. ನೆಲ ಎಷ್ಟು ತಣ್ಣಗೋ ಹೆಚ್ಚುಕಮ್ಮಿ ಅದೂ ಅಷ್ಟೇ ತಣ್ಣಗೆ. ಅಂದ್ಮೇಲೆ ಕೊಳಕುಮಂಡಲ ನಿಮ್ಮ ಬಾಗಿಲ ಮುಂದೆ ಸುತ್ತಿಕೊಂಡು ಮಲಗಿದ್ರೂ ಸೆನ್ಸಾರ್ ದೀಪ ಹತ್ತಲ್ಲ ಅಂತಲೇ ಲೆಕ್ಕ ಹಾಕಿ. ನೀವು ಹೊಸ್ತಿಲು ದಾಟಿ ಕಾಲಿಟ್ಟ ಮೇಲೆ ನಿಮ್ಮ ಕಾವಿಗೆ ಹತ್ತುತ್ತೆ. ಅಷ್ಟರಲ್ಲಿ ಕಾಲು ಎಲ್ಲಿರುತ್ತೆ ಯೋಚನೆ ಮಾಡಿ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನ ಆಸ್ಪತ್ರೆಯವರು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಸುಮ್ಮನೆ ಸೇರಿಸ್ತಾರಾ? ದೀಪ ಹತ್ತಬೇಕಾದ್ದು ಕಾಲಿಡೋಕೆ ಮುಂಚೆ. ಅದು ಹಾಸಿಗೆ ಪಕ್ಕದ ಸ್ವಿಚ್ಚಿಂದ ಮಾತ್ರ ಆಗೋ ಕೆಲಸ.

"ಹಂಗಾದ್ರೆ ಸೆನ್ಸಾರ್ ಬೇಡ, ರಾತ್ರಿ ಪೂರ್ತಿ ಫ್ಲಡ್ ಲೈಟ್ ಉರೀಲಿ ಬಿಡಪ್ಪ, ಕರೆಂಟು ಫ್ರೀ ತಾನೆ" ಅಂತೀರಿ. ಈ ಮಾತು ನಮ್ಮ ಕಡೆ ದಿನಾ ಕೇಳ್ತೀನಿ. ಇದಕ್ಕೂ ನನ್ನ ತಕರಾರಿದೆ.

ಲೆಕ್ಕ ನೋಡಿ. 50 ವ್ಯಾಟ್ ಫ್ಲಡ್ ಲೈಟ್ ರಾತ್ರಿ 12 ಗಂಟೆ ಉರಿದ್ರೆ 0.6 ಯೂನಿಟ್. ತಿಂಗಳಿಗೆ 18. ಮುಂದೊಂದು ಹಿಂದೊಂದು ಇದ್ರೆ 36. ಗೃಹಜ್ಯೋತಿಯಲ್ಲಿ 200 ಯೂನಿಟ್ ಅಂತ ಬಾಯಲ್ಲಿ ಹೇಳ್ತೀವಿ, ಆದ್ರೆ ಎಲ್ಲರಿಗೂ 200 ಇಲ್ಲ. ಹಿಂದಿನ ನಿಮ್ಮ ಸರಾಸರಿ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ ಹೆಚ್ಚು, ಅಷ್ಟೇ ನಿಮ್ಮ ಪಾಲು. ಅದಕ್ಕಿಂತ ಹೆಚ್ಚಾದ್ರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದ್ರೆ ಪೂರ್ತಿ ಬಿಲ್ಲು. ಅದೇ ದೀಪ ಸೆನ್ಸಾರ್ ಮೇಲೆ ರಾತ್ರಿಗೆ 20 ಸಲ, ಸಲಕ್ಕೆ 3 ನಿಮಿಷ ಹತ್ತಿದ್ರೆ ಒಟ್ಟು ಒಂದೇ ಗಂಟೆ. ತಿಂಗಳಿಗೆ ಒಂದೂವರೆ ಯೂನಿಟ್. ಎಲ್ಲಿ 18, ಎಲ್ಲಿ ಒಂದೂವರೆ!

ಕಳ್ಳರ ಭಯ ಅಂತೀರಾ? ದಿನಾ ರಾತ್ರಿಯೆಲ್ಲ ಉರಿಯೋ ದೀಪವನ್ನ ಯಾರು ತಿರುಗಿ ನೋಡ್ತಾರೆ? ಕತ್ತಲಲ್ಲಿ ತಟ್ಟಂತ ಹತ್ತಿದ ದೀಪಕ್ಕೆ ನಾಯಿ ಬೊಗಳುತ್ತೆ, ನಮ್ಮ ನಿದ್ದೆ ಮುರಿಯುತ್ತೆ, ಬಂದವನಿಗೂ ಎದೆ ಧಸಕ್ ಅನ್ನುತ್ತೆ. ಈ ಕೆಲಸದಲ್ಲಿ ಸೆನ್ಸಾರೇ ಮೇಲು, ಒಪ್ಕೋತೀನಿ.

ಈಗ ಅವರೆಗೆ ಬಂದೆ. ನಮ್ಮ ನಾಟಿ ಸೊಗಡಿನ ಅವರೆ ಹೂ ಬಿಡೋದು ರಾತ್ರಿ ಉದ್ದ ಆದ್ಮೇಲೆ. ಅದಕ್ಕೇ ಮುಂಗಾರಲ್ಲಿ ರಾಗಿ ಜೊತೆ ಹಾಕಿದ್ರೂ ಕಾಯಿ ಬರೋದು ಚಳಿಗೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರ ಎಚ್‌.ಎ. 3, ಎಚ್‌.ಎ. 4 ತಳಿಗಳು ಬೇರೆ, ಅವಕ್ಕೆ ರಾತ್ರಿ ಉದ್ದದ ಹಂಗಿಲ್ಲ, ಯಾವಾಗ ಬಿತ್ತಿದ್ರೂ ಹೂ ಬಿಡುತ್ತೆ. ನಾಟಿ ಅವರೆಗೆ ಕತ್ತಲೆ ಬೇಕು. ಹೋದ ವರ್ಷ ಮನೆ ಹಿಂದಿನ ನಾಲ್ಕು ಸಾಲು ಸೊಂಪಾಗಿ ಎಲೆ ಬಿಟ್ಕೊಂಡು ನಿಂತಿತ್ತು, ಹೂವಿಲ್ಲ. ಆಚೆ ಕಡೆ ಸಾಲುಗಳಲ್ಲಿ ಕಾಯಿ ಕೊಯ್ದು ಮಾರಿ ಆಯ್ತು, ಇವು ಆಗ ಮೊಗ್ಗು. ನಾನು ಪಕ್ಕದ ಲೇಔಟಿನ ಕಂಬದ ದೀಪಕ್ಕೆ ಬೈಕೊಂಡು ಓಡಾಡ್ದೆ. ಅವರ ಕಮಿಟಿಯವರ ಹತ್ರ ಜಗಳಕ್ಕೂ ಹೋದೆ. ಆಮೇಲೆ ಒಂದು ರಾತ್ರಿ ಸಾಲಿನಲ್ಲಿ ನಿಂತು ನನ್ನ ನೆರಳು ಯಾವ ಕಡೆ ಬೀಳುತ್ತೆ ನೋಡ್ದೆ. ದೀಪ ಲೇಔಟಿಂದಲ್ಲ, ನಮ್ಮ ಹಿತ್ತಲದ್ದೇ! ನಮ್ಮ ಫ್ಲಡ್ ಲೈಟೇ ನಮ್ಮ ಅವರೆಗೆ ರಾತ್ರಿ ಇಲ್ಲದಂಗೆ ಮಾಡಿತ್ತು.

ಇದು ಹೊಸ ವಿಷಯ ಏನಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಸೇವಂತಿಗೆ ಬೆಳೆಯೋರು ಹೊಲದ ತುಂಬ ಬಲ್ಬ್ ಕಟ್ಟಿ ರಾತ್ರಿ ಹಚ್ತಾರಲ್ಲ, ಯಾಕೆ? ಹೂ ತಡ ಆಗ್ಲಿ, ಒಳ್ಳೇ ರೇಟಿಗೆ ಸಿಗ್ಲಿ ಅಂತ. ಅವರು ಬೇಕು ಅಂತ ಮಾಡ್ತಾರೆ. ನಾವು ಗೊತ್ತಿಲ್ಲದೆ ಮಾಡಿ ಲೇಔಟ್‌ನವರಿಗೆ ಬೈತೀವಿ. ಇನ್ನು ಗೊಣ್ಣೆಹುಳದ ದುಂಬಿ, ಕಾಯಿಕೊರಕದ ಪತಂಗ, ಇವನ್ನ ಹಿಡಿಯೋಕೆ ಇಲಾಖೆಯವರು ದೀಪದ ಬಲೆ ಇಡಿ ಅಂತಾರೆ. ಬಲೆ ಇಲ್ಲದೆ ಬರೀ ದೀಪ ಇಟ್ರೆ ಹುಳಕ್ಕೆ ಮನೆಗೆ ಕರೆದು ಊಟ ಹಾಕಿದಂಗೆ.

ಅದಕ್ಕೇ ಹೇಳೋದು. ಬರೀ ಸೆನ್ಸಾರೂ ತಪ್ಪು, ರಾತ್ರಿಯೆಲ್ಲ ಉರಿಸೋದೂ ತಪ್ಪು. ಎರಡು ಸ್ವಿಚ್, ಒಂದು ಸೆನ್ಸಾರ್. ನಾನು ಮಾಡಿಸಿರೋದು ಹೀಗೆ.

ಒಂದನೇ ಸ್ವಿಚ್ಚಿಂದ ಫೇಸ್ ಸೆನ್ಸಾರ್‌ಗೆ, ಸೆನ್ಸಾರಿಂದ ಹೊರಡೋ ವೈರ್ ಬಲ್ಬಿಗೆ. ನ್ಯೂಟ್ರಲ್ ಎರಡಕ್ಕೂ ನೇರ. ಎರಡನೇ ಸ್ವಿಚ್ಚಿಂದ ಫೇಸ್ ಸೆನ್ಸಾರ್ ತಪ್ಪಿಸಿ ನೇರ ಬಲ್ಬಿಗೆ. ಒಂದನೇದು ಮಾತ್ರ ಹಾಕಿದ್ರೆ ದೀಪ ಸೆನ್ಸಾರ್ ಹೇಳಿದಂಗೆ. ಎರಡನೇದು ಹಾಕಿದ್ರೆ ನಾವು ಆರಿಸೋವರೆಗೂ ಉರಿಯುತ್ತೆ. ಎರಡೂ ಆರಿಸಿದ್ರೆ ಪೂರ್ತಿ ಕತ್ತಲೆ. ಎರಡನೇ ಸ್ವಿಚ್ಚನ್ನ ಮೆಟ್ಟಿಲ ದೀಪದ ಥರ ಟೂ ವೇ ಮಾಡಿಸಿ, ಹಾಸಿಗೆ ಹತ್ರ ಒಂದು, ಕೊಟ್ಟಿಗೆ ಬಾಗಿಲಲ್ಲಿ ಒಂದು.

ಎಚ್ಚರಿಕೆ ಕೇಳಿ. ಎರಡೂ ಸ್ವಿಚ್ಚಿಗೆ ಒಂದೇ ಎಂ.ಸಿ.ಬಿ.ಯಿಂದ, ಒಂದೇ ಫೇಸ್ ಬರ್ಬೇಕು. ತ್ರೀ ಫೇಸ್ ಇರೋ ಮನೆಯಲ್ಲಿ ಬೇರೆ ಬೇರೆ ಫೇಸ್ ಸೇರಿದ್ರೆ 400 ವೋಲ್ಟು, ಸುಟ್ಟು ಹೋಗುತ್ತೆ. ಕೆಲವು ಸೆನ್ಸಾರ್‌ಗೆ ಬಲ್ಬ್ ಕಡೆಯಿಂದ ಕರೆಂಟು ವಾಪಸ್ ಬರಬಾರದು, ಡಬ್ಬಿ ಮೇಲಿನ ಚಿತ್ರ ವೈರ್‌ಮನ್‌ಗೆ ತೋರಿಸಿ. ಸೆನ್ಸಾರ್ ಬಲ್ಬ್ ಒಳಗೇ ಇದ್ರೆ ಈ ದಾರಿ ಇಲ್ಲ. ಪಕ್ಕದಲ್ಲಿ ಇನ್ನೊಂದು ಸಾದಾ ಬಲ್ಬ್, ಅದಕ್ಕೊಂದು ಸ್ವಿಚ್, ಅಷ್ಟೇ. ಮಳೆ ತಾಗೋ ಜಾಗ, ಒದ್ದೆ ಕೈ, ಹಸು ಇರೋ ಕಡೆ. ಹಾಗಾಗಿ 30 ಮಿಲಿ ಆಂಪಿಯರ್ ಆರ್‌.ಸಿ.ಸಿ.ಬಿ. ಇಲ್ಲದೆ ಕೆಲಸ ಶುರು ಮಾಡಿಸಬೇಡಿ.

ಸೆನ್ಸಾರ್ ಎತ್ತರ ಏಳೆಂಟು ಅಡಿ ಸಾಕು. ಹಸುಗಳ ಕಡೆ ತಿರುಗಿಸಬೇಡಿ, ಅವು ಎದ್ದು ನಿಂತಾಗೆಲ್ಲ ಹತ್ತುತ್ತೆ. ಗೇಟಿಂದ ಬರೋ ದಾರಿಗೆ ಅಡ್ಡಲಾಗಿ ಇಡಿ. ಕಿಟಕಿ ಗಾಜಿನ ಒಳಗಿಟ್ರೆ ಕೆಲಸ ಮಾಡಲ್ಲ, ಆ ಕಾವು ಗಾಜು ದಾಟಲ್ಲ. ದೀಪದ ಮುಖ ನೆಲಕ್ಕೆ ಬಗ್ಗಿಸಿ, ಬೆಳೆ ಮೇಲೆ ಬೀಳದಂಗೆ.

ನಾನು ಮೂರನೇ ಕ್ಲಾಸಲ್ಲಿ ಇದ್ದಾಗ ನಮ್ಮ ಮನೆಗೆ ಕರೆಂಟು ಬಂತು. ಬೆಂಗಳೂರು ಪೇಟೆಗೆ ಶಿವನಸಮುದ್ರದ ಕರೆಂಟು 1905ರಲ್ಲೇ ಬಂದಿತ್ತು, ನಮ್ಮ ಮನೆಗೆ ಬರೋಕೆ ಅಷ್ಟು ವರ್ಷ ಹಿಡೀತು. ನಮ್ಮಪ್ಪ ಕೋಣೆಯಿಂದ ಹೊರಗೆ ಬಂದ್ರೆ ಕೈ ತಾನಾಗೇ ಸ್ವಿಚ್ ಮೇಲೆ ಹೋಗ್ತಿತ್ತು. ಆ ಕೈ ಅಭ್ಯಾಸವನ್ನೇ ನಾವು ಮಷಿನ್‌ಗೆ ಕೊಟ್ಟುಬಿಟ್ವಿ. ಮಷಿನ್ ಕಾವಲು ಕಾಯಲಿ, ಬೇಡ ಅನ್ನಲ್ಲ. ಯಜಮಾನಿಕೆ ನಮ್ಮ ಕೈಯಲ್ಲೇ ಇರ್ಬೇಕು.

ನಮ್ಮ ಹುಡುಗನೇ ಹೋದ ಭಾನುವಾರ ಪ್ಲೇಟ್ ಬಿಚ್ಚಿಸಿ ಸ್ವಿಚ್ ವಾಪಸ್ ಹಾಕಿಸಿದ. ಲೇಔಟ್ ಕಮಿಟಿಯವರ ಹತ್ರ ಹೋಗಿ ತಪ್ಪು ನಂದೇ ಅಂತ ಹೇಳಿ ಬಂದೆ, ಜೊತೆಗೆ ಎರಡು ಸೇರು ಅವರೆಕಾಯಿ ಕೊಟ್ಟೆ. ಅವರ ಕಂಬದ ದೀಪಾನೂ ಸ್ವಲ್ಪ ಕೆಳಕ್ಕೆ ಬಗ್ಗಿಸಿ ಅಂತ ಕೇಳಿದೀನಿ. ಈಗ ಕೇಳೋಕೆ ನನಗೆ ಬಾಯಿದೆ, ನಮ್ಮ ಹಿತ್ತಲು ಕತ್ತಲಾಗಿದೆ.

ಇವತ್ತು ರಾತ್ರಿ ನೀವೂ ನಿಮ್ಮ ಸಾಲಿನಲ್ಲಿ ನಿಂತು ನೆರಳು ಎತ್ತ ಬೀಳುತ್ತೆ ನೋಡಿ. ಹೋಗುವಾಗ ಕೈಯಲ್ಲಿ ಬ್ಯಾಟರಿ ಇರಲಿ, ಕಾಲಲ್ಲಿ ಬೂಟು ಇರಲಿ. ತಪ್ಪಿದ್ರೆ ತಿದ್ದಿ ಹೇಳಿ.